ಅರಿವಿಲ್ಲದ ನೆನಪು: ಶಾಕುಂತಲದ ಐದನೆಯ ಅಂಕ

ಮಹಾಭಾರತದ ಶಕುಂತಲೋಪಾಖ್ಯಾನದಲ್ಲಿ ದೂರ್ವಾಸರ ಶಾಪವಿಲ್ಲ. ಅದನ್ನು ತಂದವನು ಕಾಳಿದಾಸ. ದುಷ್ಯಂತನ ಅಪರಾಧವನ್ನು ಮರೆಮಾಡುವುದಕ್ಕೆ ಕವಿ ಹೂಡಿದ ಉಪಾಯವಿದು ಎಂಬ ಆಕ್ಷೇಪವುಂಟು. ಅದಕ್ಕೆ ನಾಟಕದೊಳಗೇ ಉತ್ತರವಿದೆಯೆಂದು ನಮಗೆ ತೋರುತ್ತದೆ.

ಐದನೆಯ ಅಂಕದ ಮೊದಲಲ್ಲಿ ಹಂಸಪದಿಕೆಯ ಹಾಡು ಕೇಳಿಬರುತ್ತದೆ. ಅದು ತನ್ನ ಮೇಲಿನ ದೂರೆಂದು ಅರಸನು ಅರಿತು, ಆಕೆಯ ಬಳಿಗೆ ವಿದೂಷಕನನ್ನು ಕಳುಹಿಸುತ್ತಾನೆ. ವಿಷಯ ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಪ್ರಿಯರ ಅಗಲಿಕೆಯಿಲ್ಲದಿದ್ದರೂ ಅವನ ಮನಸ್ಸು ಇದ್ದಕ್ಕಿದ್ದಂತೆ ಕಳವಳಗೊಳ್ಳುತ್ತದೆ. ಇದು ಎಲ್ಲರಿಗೂ ಸಹಜವೆಂದೂ, ಜನ್ಮಾಂತರದ ಸ್ನೇಹಗಳನ್ನು ಮನಸ್ಸು ಅರಿವಿಲ್ಲದೆ ನೆನೆಯುವುದೇ ಇದಕ್ಕೆ ಕಾರಣವೆಂದೂ ಅವನು ಸಮಾಧಾನ ತಂದುಕೊಳ್ಳುತ್ತಾನೆ. ಕಾರಣವಾದರೋ ಈ ಜನ್ಮದ್ದೇ, ಕಣ್ವಾಶ್ರಮದ್ದೇ ಎಂಬುದನ್ನು ಪ್ರೇಕ್ಷಕರು ಬಲ್ಲರು.

ಭವಭೂತಿಯ ಉತ್ತರರಾಮಚರಿತದ ಮೊದಲನೆಯ ಅಂಕವನ್ನು ಇದರೊಡನೆ ಹೋಲಿಸಿ ನೋಡಬಹುದು. ಅಲ್ಲಿ ವನವಾಸದ ಚಿತ್ರಗಳನ್ನು ನೋಡುತ್ತಿರುವಾಗ ಶೂರ್ಪಣಖಿಯನ್ನು ಕಂಡ ಸೀತೆ ಹಳೆಯ ಆಘಾತವು ಮರುಕಳಿಸಿದಂತೆ ಬೆಚ್ಚುತ್ತಾಳೆ. ಅವಳ ಭಯದ ಮೂಲ ಅವಳಿಗೂ ರಾಮನಿಗೂ ಗೊತ್ತು. ಆದ್ದರಿಂದಲೇ, ಇದು ಬರಿಯ ಚಿತ್ರವೆಂದು ರಾಮನು ಸಂತೈಸಬಲ್ಲನು. ಮೂಲ ತಿಳಿಯದ ಕಳವಳಕ್ಕೆ ಇಂತಹ ಸಾಂತ್ವನವಿಲ್ಲ. ಅದು ತನಗೊಂದು ಕಾರಣವನ್ನು ತಾನೇ ಕಲ್ಪಿಸಿಕೊಳ್ಳಬೇಕಾಗುತ್ತದೆ.

ಮನಶ್ಶಾಸ್ತ್ರದ ಒಂದು ಪ್ರಸಿದ್ಧ ನಿದರ್ಶನವು ಇದನ್ನು ಸಮರ್ಥಿಸುತ್ತದೆ. ಜಿನೀವದ ಕ್ಲಾಪರೇಡ್ 1911ರಲ್ಲಿ ಹೊಸ ನೆನಪುಗಳನ್ನು ಉಳಿಸಿಕೊಳ್ಳಲಾರದ ಒಬ್ಬ ರೋಗಿಯ ವಿಷಯವನ್ನು ಬರೆದನು. ಅವನು ಬೆರಳುಗಳ ನಡುವೆ ಸೂಜಿಯನ್ನು ಮರೆಮಾಡಿಕೊಂಡು ಆಕೆಯ ಕೈಯನ್ನು ಚುಚ್ಚಿದನು. ಆಕೆ ಅದನ್ನು ಬೇಗನೆ ಮರೆತಳು. ಆದರೂ ಅವನು ಮತ್ತೆ ಕೈ ನೀಡಿದಾಗ ತನ್ನ ಕೈಯನ್ನು ಹಿಂದೆಳೆದುಕೊಂಡಳು. ಏಕೆಂದು ಕೇಳಿದರೆ, ಕೈಗಳಲ್ಲಿ ಕೆಲವೊಮ್ಮೆ ಸೂಜಿ ಅಡಗಿರುವುದುಂಟು ಎಂದಳೇ ಹೊರತು ತನಗೆ ಚುಚ್ಚಿತ್ತೆಂದು ಹೇಳಲಿಲ್ಲ. ಘಟನೆಯ ನೆನಪಿಗೂ ಭಯದ ನೆನಪಿಗೂ ಮಿದುಳಿನಲ್ಲಿ ಬೇರೆ ಬೇರೆ ಏರ್ಪಾಡುಗಳಿವೆಯೆಂದು ಈಚಿನ ಸಂಶೋಧನೆ ತೋರಿಸಿದೆ. ಮೊದಲನೆಯದು ಅಳಿದರೂ ಎರಡನೆಯದು ಉಳಿಯಬಹುದು.

ಅರಸನ ನೆನಪು ಪ್ರೇಮದ್ದು, ರೋಗಿಯ ನೆನಪು ನೋವಿನದು. ಈ ಭೇದವನ್ನು ನಾವು ಮರೆಯಬಾರದು. ಆದರೆ ಇಬ್ಬರ ಉತ್ತರಗಳೂ ಒಂದೇ ಬಗೆಯವು. ತನ್ನದೇ ಆದ ಅನುಭವದ ಸ್ಥಾನದಲ್ಲಿ ಇಬ್ಬರೂ ಲೋಕಸಾಮಾನ್ಯವಾದ ಒಂದು ಮಾತನ್ನು ಇಡುತ್ತಾರೆ.

ಹೀಗಾದರೆ ಶಾಪವು ನೆನಪನ್ನು ಅಳಿಸಲಿಲ್ಲ, ಅದರ ಬಾಗಿಲನ್ನು ಮಾತ್ರ ಮುಚ್ಚಿತು ಎನ್ನಬೇಕು. ಅಂಕದ ಕೊನೆಯಲ್ಲಿ ಅರಸನೇ ಇದನ್ನು ಒಪ್ಪುವಂತಿದೆ: ಮದುವೆಯ ನೆನಪಿಲ್ಲವಾದರೂ ನೋಯುತ್ತಿರುವ ಹೃದಯವು ಅವಳ ಮಾತನ್ನು ನಂಬೆನ್ನುತ್ತಿದೆ ಎನ್ನುತ್ತಾನೆ. ಅಷ್ಟರಲ್ಲಿ ಶಕುಂತಲೆ ಹೊರಟುಹೋಗಿದ್ದಾಳೆ. ಅವನು ಮರೆತದ್ದು ಶಾಪದಿಂದ. ಆದರೆ ತನ್ನೊಳಗೆ ಮೊದಲೇ ಎದ್ದ ಸಾಕ್ಷಿಯನ್ನು ವಿಚಾರಿಸದೆ ಬಿಟ್ಟದ್ದು ಅವನದೇ ದೋಷ. ಕಾರಣ ಕಾಣದ ಕಳವಳವನ್ನು ನಿಷ್ಕಾರಣವೆಂದು ತಳ್ಳಿಬಿಡುವುದು ಎಷ್ಟು ಅಪಾಯಕರವೆಂಬುದನ್ನು ಕವಿ ಇಲ್ಲಿ ತೋರಿಸಿದ್ದಾನೆ. ಶಾಪವು ಅರಸನ ಅಪರಾಧವನ್ನು ಮುಚ್ಚುವುದಿಲ್ಲ. ಅದು ಎಲ್ಲಿದೆಯೆಂಬುದನ್ನು ಖಚಿತವಾಗಿ ಗುರುತಿಸುತ್ತದೆ.