ಮೇಜಿನ ಹಿಂದೆ ನಿಲ್ಲುವ ವಿದ್ಯೆ

ರಸಾಯನಶಾಸ್ತ್ರದ ಶಿಕ್ಷಕಿಗೆ ಟೈಟ್ರೇಶನ್ (ಆಮ್ಲಕ್ಕೆ ಹನಿಹನಿಯಾಗಿ ಕ್ಷಾರ ಬಿಟ್ಟು ಅಳೆಯುವ ಪ್ರಯೋಗ) ಮಾಡಲು ಬಂದರೆ ಸಾಲದು, ಇಡೀ ತರಗತಿಗೆ ಕಾಣುವಂತೆ ಮಾಡಲು ಬರಬೇಕು. 1963ರಲ್ಲಿ ಆರಂಭವಾದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ನಾಲ್ಕು ವರ್ಷದ ಬಿ.ಎಸ್ಸಿ.ಎಡ್. ಕೋರ್ಸು ರಸಾಯನಶಾಸ್ತ್ರವನ್ನೂ ಬೋಧನೆಯನ್ನೂ ಜೊತೆಜೊತೆಗೇ ಕಲಿಸುತ್ತದೆ.

ಪಳಗಿದ ಪ್ರಶಿಕ್ಷಣಾರ್ಥಿಯ ಕೈ ನೋಡಬೇಕು. ಎಡಗೈ ಬ್ಯುರೆಟ್ಟಿನ ತಿರುಗಣಿಯನ್ನು ಬಳಸಿ ಹಿಡಿದಿರುತ್ತದೆ, ಬಲಗೈ ಬಿಳಿ ಟೈಲಿನ ಮೇಲೆ ಫ್ಲಾಸ್ಕನ್ನು ಮೆಲ್ಲಗೆ ಸುತ್ತಿಸುತ್ತಿರುತ್ತದೆ, ನಡುನಡುವೆ ಕಣ್ಣು ಕೊನೆಯ ಬೆಂಚಿನವರೆಗೂ ಹೋಗಿಬರುತ್ತದೆ. ಕೊನೆಯ ಹನಿಗೆ ಮುಂಚೆ ಕೈ ತಡೆದು, “ಈಗ ಏನಾಗಬಹುದು?” ಎಂದು ಕೇಳಿ ಕಾಯುತ್ತಾಳೆ. ಆ ಕಾಯುವಿಕೆಯೇ ಕಷ್ಟದ ಕಲೆ. ಹೊಸಬರು ಉತ್ತರವನ್ನು ತಾವೇ ಹೇಳಿಬಿಡುತ್ತಾರೆ. ಆಮೇಲೆ ಒಂದೇ ಹನಿ ಕ್ಷಾರ. ಫಿನಾಲ್ಫ್ತಲೀನ್ ಸೂಚಕ ಬೆರೆಸಿದ ಆಮ್ಲ ನಸುಗುಲಾಬಿಗೆ ತಿರುಗಿ ಹಾಗೇ ನಿಲ್ಲುತ್ತದೆ. ಬಣ್ಣ ಗಾಢವಾಯಿತೋ, ಹನಿ ಹೆಚ್ಚಾಯಿತೆಂದೇ ಅರ್ಥ.

ಇಂಥ ಕೌಶಲಗಳನ್ನು ಪಳಗಿಸುವ ಸೂಕ್ಷ್ಮಬೋಧನೆ ಬಿ.ಎಡ್. ಓದಿದವರಿಗೆಲ್ಲ ಗೊತ್ತು: ಐದಾರು ನಿಮಿಷದ ಪಾಠ, ಸಹಪಾಠಿಗಳೇ ಮಕ್ಕಳು. ಒಮ್ಮೆ ಪ್ರಶ್ನೆ ಕೇಳುವುದನ್ನಷ್ಟೇ ತಿದ್ದುತ್ತಾರೆ, ಇನ್ನೊಮ್ಮೆ ಕಪ್ಪುಹಲಗೆಯ ಬರಹವನ್ನಷ್ಟೇ.

ನಿಮ್ಮ ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದರೆ, ಅಂಕ ಎಷ್ಟು ಬಂತು ಎನ್ನುವ ಮೊದಲು ಮೇಡಂ ಯಾವ ಪ್ರಯೋಗ ಮಾಡಿ ತೋರಿಸಿದರು ಎಂದು ಕೇಳಿ.