ಹಿಡಿದವರ ಲೆಕ್ಕ

ಕೊನೆಕೊಯ್ಲಿನ ಕಾಲದಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ರಾತ್ರಿ ಎರಡು ಜಾಗದಲ್ಲಿ ದೀಪ ಉರಿಯುತ್ತಿರುತ್ತದೆ. ಒಂದು, ಅಡಿಕೆ ಸುಲಿಯುವ ಚಪ್ಪರದಲ್ಲಿ. ಇನ್ನೊಂದು, ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ನಡೆಯುವ ಶಾಲೆ ಮೈದಾನದಲ್ಲೋ ಕೊಯ್ದ ಗದ್ದೆಯಲ್ಲೋ. ಚಪ್ಪರದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತವಳ ಕೈ ಮಾತಿನ ನಡುವೆಯೂ ನಿಲ್ಲುವುದಿಲ್ಲ. ಕಾಯಿ ಕತ್ತಿಗೆ ತಾಗುತ್ತದೆ, ಸಿಪ್ಪೆ ಎರಡೋ ಮೂರೋ ಎಳೆತಕ್ಕೆ ಬಿಡುತ್ತದೆ, ಅಡಿಕೆ ಬುಟ್ಟಿಗೆ ಬೀಳುತ್ತದೆ. ಹೊತ್ತು ಮುಗಿದ ಮೇಲೆ ಎಷ್ಟು ಡಬ್ಬ ಆಯಿತು ಎಂದು ಅಳೆದು ಬರೆದಿಡುತ್ತಾರೆ.

ಆಚೆ ಮೈದಾನದ ಮೈಕಿನಿಂದ ತೇಲಿಬರುವುದು ಬಹುಪಾಲು ರೈಡರ್‌ಗಳ ಹೆಸರು. ಯಾರು ಮುಟ್ಟಿ ಬಂದರು, ಯಾರು ಬೋನಸ್ ತಂದರು ಎಂದು ವೀಕ್ಷಕ ವಿವರಣೆಕಾರ ಕೂಗುತ್ತಾನೆ. ರೈಡರ್ ಸಿಕ್ಕಿಬಿದ್ದಾಗ ಮಾತ್ರ ಅವನ ಬಾಯಲ್ಲಿ ಬರುವುದು ‘ಔಟ್’ ಎಂಬ ಒಂದು ಪದ. ಹಿಡಿದವರು ಯಾರು ಎಂಬುದು ಗದ್ದಲದಲ್ಲಿ ಮುಳುಗಿಹೋಗುತ್ತದೆ. ಅಂಕಣದಲ್ಲಿರುವುದು ಹುಡುಗಿಯರಾದರೆ ಅದು ಇನ್ನೂ ಬೇಗ ಮುಳುಗುತ್ತದೆ. ಸುಲಿದವಳಿಗೆ ಡಬ್ಬದ ಲೆಕ್ಕವಾದರೂ ಇದೆ. ಹಿಡಿದವಳಿಗೆ?

ಆಗುಂಬೆ ಘಾಟಿ ಇಳಿದರೆ ಸೋಮೇಶ್ವರ, ಹೆಬ್ರಿ. ಅಲ್ಲಿಂದ ಕಾರ್ಕಳದ ಕಡೆಗೆ ಹೋದರೆ ಅಜೆಕಾರು, ಅದರ ಆಸುಪಾಸಿನಲ್ಲಿ ಹೆರ್ಮುಂಡೆ. ಮಮತಾ ಪೂಜಾರಿ ಹುಟ್ಟಿ ಬೆಳೆದ ಊರು ಅದು. ತೀರ್ಥಹಳ್ಳಿಯವರಿಗೆ ಘಾಟಿ ಕೆಳಗಿನ ನೆರೆಯವರೇ ಆದ ಈಕೆ ಭಾರತದ ಮಹಿಳಾ ಕಬಡ್ಡಿಯ ದೊಡ್ಡ ಹೆಸರುಗಳಲ್ಲಿ ಒಂದು. 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟಕ್ಕೆ ಮಹಿಳಾ ಕಬಡ್ಡಿ ಮೊದಲ ಸಲ ಸೇರಿದಾಗ ಥಾಯ್ಲೆಂಡನ್ನು 28–14ರಲ್ಲಿ ಸೋಲಿಸಿ ಚಿನ್ನ ಗೆದ್ದ ತಂಡದಲ್ಲಿ ಆಕೆ ಇದ್ದರು. 2012ರಲ್ಲಿ ಪಟ್ನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್‌ನಲ್ಲಿ ಆಕೆಯೇ ನಾಯಕಿ. ಫೈನಲ್‌ನಲ್ಲಿ ಇರಾನ್ ವಿರುದ್ಧ 25–19ರ ಗೆಲುವು. 2014ರ ಇಂಚಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಮತ್ತೆ ಇರಾನ್, ಮತ್ತೆ ಚಿನ್ನ, ಈ ಸಲ 31–21. ಅದೇ ವರ್ಷ ಅರ್ಜುನ ಪ್ರಶಸ್ತಿ. ಬೆಂಗಳೂರಿನ ತೇಜಸ್ವಿನಿ ಬಾಯಿಗೆ ಆ ಪ್ರಶಸ್ತಿ ಇದಕ್ಕೆ ಮೂರು ವರ್ಷ ಮೊದಲೇ, 2011ರಲ್ಲಿ, ಸಂದಿತ್ತು. ಒಂದೇ ರಾಜ್ಯದ ಇಬ್ಬರು ಹೆಣ್ಣುಮಕ್ಕಳು ದೇಶದ ತಂಡದ ಬೆನ್ನೆಲುಬಾಗಿದ್ದ ಕಾಲ ಅದು.

ಆದರೆ ಮಮತಾ ಅವರ ಬಗ್ಗೆ ಬಂದ ಬರಹಗಳನ್ನು ಓದುತ್ತ ಹೋದರೆ ಒಂದು ಕೊರತೆ ಚುಚ್ಚುತ್ತದೆ. ಎಲ್ಲ ಕಡೆ ಪದಕಗಳ ಪಟ್ಟಿ, ಬಡತನದ ಕತೆ, ಸನ್ಮಾನದ ಫೋಟೊ. ಆಕೆ ಹೇಗೆ ಆಡುತ್ತಿದ್ದರು ಎಂಬುದಕ್ಕೆ ಎರಡು ಸಾಲೂ ಇಲ್ಲ. ಯಾವ ಕಾಲು ಮುಂದಿಟ್ಟು ಒಳಗೆ ಹೋಗುತ್ತಿದ್ದರು, ಎದುರಾಳಿ ರೈಡರ್ ಬಂದಾಗ ತಂಡವನ್ನು ಹೇಗೆ ನಿಲ್ಲಿಸುತ್ತಿದ್ದರು, ಪಟ್ನಾದ ಆ ಆರು ಪಾಯಿಂಟ್ ಅಂತರ ಹುಟ್ಟಿದ್ದು ದಾಳಿಯಿಂದಲೋ ಹಿಡಿತದಿಂದಲೋ? ಆಟದ ವಿಮರ್ಶೆ ಶುರುವಾಗಬೇಕಾದದ್ದು ಇಲ್ಲಿಂದ. ರೈಡ್‌ಗೆ ಹೆಸರಾದ ನಾಯಕಿಯ ಪಾಡೇ ಇದಾದರೆ, ಆಕೆಯ ಹಿಂದೆ ಮೂಲೆ ಕಾದು ನಿಂತವರ ಪಾಡೇನು?

ಹಿಡಿಯುವುದು ಎಷ್ಟು ಕಷ್ಟದ ಕೆಲಸ ಎಂದು ತಿಳಿಯಲು ಅಂಕಣದ ಅಳತೆ ನೋಡಿದರೆ ಸಾಕು. ಹೆಂಗಸರ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. ಅಂದರೆ ಒಂದು ತಂಡಕ್ಕೆ ಸಿಗುವ ಆಳ 6 ಮೀಟರ್. ನಡುಗೆರೆಯಿಂದ 3 ಮೀಟರಿಗೆ ಬಾಕ್ ಲೈನ್, ಅದರಾಚೆ 1 ಮೀಟರಿಗೆ ಬೋನಸ್ ಲೈನ್. ಆಮೇಲೆ ಉಳಿಯುವುದು ಬರೀ 2 ಮೀಟರ್. ಕಾರ್ನರ್‌ನಲ್ಲಿ ನಿಂತವಳ ಬದುಕೆಲ್ಲ ಆ ಎರಡು ಮೀಟರಿನೊಳಗೆ. ಒಂದು ಹೆಜ್ಜೆ ಹಿಂದೆ ಸರಿದರೆ ಗೆರೆ ದಾಟಿ ತಾನೇ ಔಟ್. ಒಂದು ಹೆಜ್ಜೆ ಮುಂದಿಟ್ಟರೆ ರೈಡರ್‌ನ ಕೈಗೆ ಸಿಗುತ್ತಾಳೆ. ರೈಡರ್ ಬೋನಸ್ ಗೆರೆ ದಾಟಿಸಿ ಪಾದ ಊರುತ್ತಾಳಲ್ಲ, ಹಿಂಗಾಲು ಇನ್ನೂ ಗಾಳಿಯಲ್ಲಿರುವಾಗ, ಮೈಯ ಭಾರವೆಲ್ಲ ಮುಂಗಾಲಿನ ಮೇಲೆ ಬಂದ ಆ ಕ್ಷಣದಲ್ಲಿ ಕಾರ್ನರ್‌ನವಳು ನೆಲಕ್ಕೆ ಬಗ್ಗಿ ಹರಡಿಗೆ ಎರಡೂ ಕೈ ಹಾಕಬೇಕು. ಕೈ ಹಾಕಿದ ಮೇಲೆ ಎಳೆಯಬಾರದು, ತನ್ನ ಎದೆಗೆ ಒತ್ತಿಕೊಂಡು ಕಾಲನ್ನು ಮೇಲೆತ್ತಬೇಕು. ಅಷ್ಟರೊಳಗೆ ಕವರ್ ಸ್ಥಾನದಲ್ಲಿ ನಿಂತವಳು ಬಂದು ಸೊಂಟಕ್ಕೆ ಬೀಳದಿದ್ದರೆ ರೈಡರ್ ನಡುಗೆರೆಯ ಕಡೆ ಹಾರುತ್ತಾಳೆ, ಹಿಡಿದವಳನ್ನೂ ಎಳೆದುಕೊಂಡು.

ನೋಡುವವರಿಗೆ ಇದು ಒಂದು ರಾಶಿ ಮೈಕೈ. ಅದರೊಳಗೆ ಮೊದಲು ಕೈ ಹಾಕಿದವಳು ಒಬ್ಬಳು, ಸಮಯಕ್ಕೆ ಬಂದವಳು ಇನ್ನೊಬ್ಬಳು, ರೈಡರ್‌ಗೆ ಆ ಕಡೆ ದಾರಿಯೇ ಇಲ್ಲದಂತೆ ನಿಂತು ಆಕೆಯನ್ನು ಮೂಲೆಗೆ ತಳ್ಳಿದವಳು ಮತ್ತೊಬ್ಬಳು. ಈ ಮೂರನೆಯವಳ ಕೆಲಸ ಅತಿ ಸೂಕ್ಷ್ಮದ್ದು. ಆಕೆ ಯಾರನ್ನೂ ಮುಟ್ಟಿರುವುದಿಲ್ಲ.

ಮಮತಾ ಅವರ ವಾರಗೆಯವಳೇ ಆದ ಒಬ್ಬಳನ್ನು ಇಲ್ಲಿ ಪಕ್ಕಕ್ಕಿಟ್ಟು ನೋಡಬೇಕು. ಆಟ ಬೇರೆ, ದೇಶ ಬೇರೆ, ಕೆಲಸ ಮಾತ್ರ ಒಂದೇ. ಆನಿಕೆ ಕ್ರಾನ್ ಜರ್ಮನಿಯ ಹಿಂದಿನ ಗಣಿನಾಡಾದ ರೂರ್ ಪ್ರದೇಶದ ಬೋಹುಮ್ ಊರಿನವಳು, ಹುಟ್ಟಿದ್ದು 1985ರ ಜುಲೈ 1ರಂದು. ಫುಟ್‌ಬಾಲ್ ತಂಡದ ನಡುರಕ್ಷಣೆಯಲ್ಲಿ, ಗೋಲ್‌ಕೀಪರ್ ಮುಂದೆ ನಿಲ್ಲುವವಳು. ದೇಶಕ್ಕಾಗಿ 137 ಪಂದ್ಯ ಆಡಿದಳು, ಹೊಡೆದ ಗೋಲು 5. ಗೋಲಿನ ಲೆಕ್ಕದಿಂದ ಅಳೆದರೆ ಇದು ಏನೂ ಅಲ್ಲ. ಆದರೆ 2007ರಲ್ಲಿ ಚೀನಾದಲ್ಲಿ ನಡೆದ ವಿಶ್ವಕಪ್‌ನ ಲೆಕ್ಕ ಬೇರೆ ಮಾತು ಹೇಳುತ್ತದೆ: ಜರ್ಮನಿ ಆರು ಪಂದ್ಯ ಆಡಿತು, 21 ಗೋಲು ಹೊಡೆಯಿತು, ಒಂದನ್ನೂ ಬಿಟ್ಟುಕೊಡಲಿಲ್ಲ. ಶಾಂಘೈನ ಫೈನಲ್‌ನಲ್ಲಿ ಮಾರ್ತಾ ಇದ್ದ ಬ್ರೆಜಿಲ್‌ಗೆ 2–0ರ ಸೋಲು. 540 ನಿಮಿಷ ಗೋಲು ಬಿಡದ ಕೀರ್ತಿ ಗೋಲ್‌ಕೀಪರ್ ನಾಡೀನ್ ಆಂಗರರ್ ಹೆಸರಿಗೆ ಬಂತು, ಅದು ಸರಿಯೂ ಹೌದು. ಮಾರ್ತಾಳ ಪೆನಾಲ್ಟಿ ತಡೆದವಳು ಆಕೆಯೇ. ಆದರೆ ಅವಳ ಮುಂದೆ ಸ್ಟೇಗೆಮಾನ್, ಹಿಂಗ್ಸ್ಟ್, ಬ್ರೆಸೊನಿಕ್ ಜೊತೆಗೆ ನಿಂತಿದ್ದ ಇಪ್ಪತ್ತೆರಡರ ಕ್ರಾನ್, ಚೆಂಡು ಆಂಗರರ್ ತನಕ ಬರುವ ಮೊದಲೇ ಎಷ್ಟೋ ದಾಳಿಗಳನ್ನು ಮುಗಿಸಿಬಿಟ್ಟಿದ್ದಳು.

ಕ್ರಾನ್ ಸೊಗಸಿನ ಆಟಗಾರ್ತಿಯಲ್ಲ. ಓಟದಲ್ಲಿ ಮಿಂಚಿಲ್ಲ. ಚೆಂಡನ್ನು ಕಾಲಲ್ಲಿಟ್ಟುಕೊಂಡು ಆಡಿಸುವ ಚೆಲುವೂ ಕಡಿಮೆ. ಅವಳ ಶಕ್ತಿ ಇದ್ದದ್ದು ನಿಲುವಿನಲ್ಲಿ: ಗಾಳಿಯಲ್ಲಿ ಬಂದ ಚೆಂಡಿಗೆ ತಲೆ ಕೊಡುವುದು, ಎದುರಾಳಿಗೂ ಗೋಲಿಗೂ ನಡುವಿನ ದಾರಿಯಲ್ಲಿ ಮೊದಲೇ ಹೋಗಿ ನಿಲ್ಲುವುದು. ಹೊಳೆಯುವ ಆಟವನ್ನಷ್ಟೇ ಮೆಚ್ಚುವವರಿಗೆ ಇದು ಕಣ್ಣಿಗೇ ಬೀಳುವುದಿಲ್ಲ. ಆದರೆ 2009 ಮತ್ತು 2013ರ ಯುರೋಪ್ ಚಾಂಪಿಯನ್‌ಷಿಪ್‌ಗಳು, 2008ರ ಬೀಜಿಂಗ್ ಒಲಿಂಪಿಕ್ಸ್ ಕಂಚು, 2016ರ ರಿಯೊ ಒಲಿಂಪಿಕ್ಸ್ ಚಿನ್ನ, ಇವೆಲ್ಲದರ ಅಡಿಯಲ್ಲಿ ಆ ನಿಲುವು ಇದೆ. ಡ್ಯೂಸ್‌ಬರ್ಗ್ ಕ್ಲಬ್ಬಿನ ಜೊತೆ 2009ರಲ್ಲಿ ಯುರೋಪಿನ ಕ್ಲಬ್ ಕಪ್ಪನ್ನೂ ಗೆದ್ದಳು. ಆಮೇಲೆ ಪ್ಯಾರಿಸ್‌ಗೆ ಹೋದಳು, ಕೊನೆಗೆ ಲೆವರ್‌ಕೂಸನ್‌ಗೆ ಬಂದಳು.

ಇಷ್ಟಾದರೂ ಅವಳ ವೃತ್ತಿಯಲ್ಲಿ ಎಲ್ಲರೂ ಮತ್ತೆಮತ್ತೆ ನೋಡಿದ್ದು ಒಂದು ತಪ್ಪನ್ನು. 2015ರ ಜೂನ್ 30, ಮಾಂಟ್ರಿಯಲ್, ವಿಶ್ವಕಪ್ ಸೆಮಿಫೈನಲ್, ಎದುರಿಗೆ ಅಮೆರಿಕ. ಜರ್ಮನಿಯ ಸೆಲಿಯಾ ಸಾಸಿಕ್ ಪೆನಾಲ್ಟಿಯನ್ನು ಹೊರಗೆ ಹೊಡೆದು ಐದಾರು ನಿಮಿಷವಾಗಿತ್ತಷ್ಟೆ. ಅಲೆಕ್ಸ್ ಮಾರ್ಗನ್ ಚೆಂಡಿನೊಂದಿಗೆ ಗೋಲಿನ ಕಡೆ ನುಗ್ಗಿದಳು. ಕ್ರಾನ್ ಅಡ್ಡ ಬಂದು ಮೈ ಕೊಟ್ಟಳು. ಮಾರ್ಗನ್ ಬಿದ್ದಳು. ಡಿಕ್ಕಿಯಾದದ್ದು ಪೆನಾಲ್ಟಿ ಗೆರೆಯ ಹೊರಗೆ ಎಂದು ಮರುಪ್ರಸಾರದಲ್ಲಿ ಕಂಡರೂ ರೆಫರಿ ಪೆನಾಲ್ಟಿ ಕೊಟ್ಟರು. ಕಾರ್ಲಿ ಲಾಯ್ಡ್ 69ನೇ ನಿಮಿಷದಲ್ಲಿ ಗೋಲು ಹೊಡೆದಳು. ಜರ್ಮನಿ 0–2ರಲ್ಲಿ ಸೋತಿತು.

ಒಬ್ಬ ಡಿಫೆಂಡರ್‌ಗೆ ಇದು ಅನ್ಯಾಯ ಎಂದು ತಕ್ಷಣ ಅನ್ನಿಸುತ್ತದೆ. ನೂರು ದಾಳಿ ತಡೆದದ್ದು ಮರೆತು ಒಂದು ತಪ್ಪು ನೆನಪಾಗುವುದು ಯಾವ ನ್ಯಾಯ? ಆದರೆ ಇನ್ನೊಂದು ಕಡೆಯಿಂದ ನೋಡಿ. ಆ ಡಿಕ್ಕಿ ಗೆರೆಯ ಒಳಗೋ ಹೊರಗೋ ಎಂದು ಅಂಗುಲದ ಲೆಕ್ಕದಲ್ಲಿ ವಾದ ನಡೆಯಿತು. ಒಬ್ಬ ಹೆಣ್ಣುಮಗಳ ಆಟವನ್ನು ಅಷ್ಟು ಹತ್ತಿರದಿಂದ, ಅಷ್ಟು ಗಂಭೀರವಾಗಿ ನೋಡಿದರು. ತಪ್ಪು ದಾಖಲಾಗಿದೆ ಎಂದರೆ ಸರಿ ಮಾಡಿದ್ದೂ ದಾಖಲಾಗಿದೆ ಎಂದೇ ಅರ್ಥ. ಮರು ವರ್ಷ ಮರಕಾನಾದಲ್ಲಿ ಸ್ವೀಡನ್ ವಿರುದ್ಧ 2–1ರಲ್ಲಿ ಒಲಿಂಪಿಕ್ಸ್ ಚಿನ್ನ ಗೆದ್ದಾಗ, ಆ ಗೆಲುವನ್ನು ಹಿಂದಿನ ವರ್ಷದ ತಪ್ಪಿನ ಪಕ್ಕದಲ್ಲಿಟ್ಟು ತೂಗಲು ಸಾಧ್ಯವಾದದ್ದು ಅದಕ್ಕೇ. ನಮ್ಮ ಕಬಡ್ಡಿ ಹುಡುಗಿಯರಿಗೆ ಇಂಥ ತಕ್ಕಡಿಯೇ ಸಿಕ್ಕಿಲ್ಲ.

ಜರ್ಮನಿಯಲ್ಲೂ ಇದು ತಾನಾಗಿ ಬಂದದ್ದಲ್ಲ. ಅಲ್ಲಿನ ಫುಟ್‌ಬಾಲ್ ಸಂಸ್ಥೆ 1955ರಲ್ಲಿ ತನ್ನ ಕ್ಲಬ್ಬುಗಳಲ್ಲಿ ಹೆಂಗಸರ ಫುಟ್‌ಬಾಲನ್ನೇ ನಿಷೇಧಿಸಿತ್ತು. ಅದನ್ನು ತೆಗೆದದ್ದು 1970ರಲ್ಲಿ. 1989ರಲ್ಲಿ ಯುರೋಪ್ ಚಾಂಪಿಯನ್ ಆದ ಆಟಗಾರ್ತಿಯರಿಗೆ ಸಂಸ್ಥೆ ಕೊಟ್ಟ ಬಹುಮಾನ ಕಾಫಿ ಕುಡಿಯುವ ಪಿಂಗಾಣಿ ಸೆಟ್ಟು. ಮರುವರ್ಷ ಮಹಿಳಾ ಬುಂಡೆಸ್‌ಲೀಗಾ ಶುರುವಾಯಿತು. ಕ್ರಾನ್‌ಗೆ ಆಗ ಐದು ವರ್ಷ. ಅಂದರೆ ಅವಳು ಬೂಟು ಕಟ್ಟಿಕೊಳ್ಳುವ ಹೊತ್ತಿಗೆ ಏರಲು ಮೆಟ್ಟಿಲುಗಳಿದ್ದವು.

ಮಮತಾ ಅವರ ಕತೆಯಲ್ಲಿ ಮನಸ್ಸಿಗೆ ನೋವಾಗುವುದು ಇಲ್ಲಿ. ಪ್ರೊ ಕಬಡ್ಡಿ ಲೀಗ್ ಶುರುವಾದದ್ದು 2014ರ ಜುಲೈನಲ್ಲಿ. ವಿಶ್ವಕಪ್ ಆಗಲೇ ಗೆದ್ದಿದ್ದ ಆಕೆ ಎರಡೇ ತಿಂಗಳಲ್ಲಿ ಇಂಚಾನ್‌ನಲ್ಲಿ ಚಿನ್ನ ತರುವವರಿದ್ದರು. ಲೀಗ್ ಗಂಡಸರದ್ದು. ಆ ದಿನದಿಂದ ಗಂಡಸರ ಒಂದೊಂದು ರೈಡಿಗೂ ಒಂದೊಂದು ಟ್ಯಾಕಲ್‌ಗೂ ಲೆಕ್ಕ ಬಂತು. ‘ಸೂಪರ್ ಟ್ಯಾಕಲ್’ ಎಂಬ ಮಾತು ಮಲೆನಾಡಿನ ಶಾಲೆ ಮಕ್ಕಳ ಬಾಯಿಗೂ ಬಂತು. ಹೆಂಗಸರಿಗೆ ಸಿಕ್ಕಿದ್ದು 2016ರಲ್ಲಿ ಮೂರೇ ತಂಡಗಳ ಒಂದು ಚಿಕ್ಕ ಸರಣಿ. ಹೈದರಾಬಾದ್‌ನ ಫೈನಲ್‌ನಲ್ಲಿ ಮಮತಾ ನಾಯಕಿಯಾಗಿದ್ದ ಫೈರ್ ಬರ್ಡ್ಸ್, ತೇಜಸ್ವಿನಿ ಬಾಯಿ ನಾಯಕಿಯಾಗಿದ್ದ ಸ್ಟಾರ್ಮ್ ಕ್ವೀನ್ಸ್‌ಗೆ 23–24ರಲ್ಲಿ ಸೋತಿತು. ಕರ್ನಾಟಕದ ಇಬ್ಬರು ನಾಯಕಿಯರ ನಡುವೆ ಒಂದು ಪಾಯಿಂಟಿನ ಪಂದ್ಯ. ಅದನ್ನು ವರ್ಷಗಟ್ಟಲೆ ಚರ್ಚಿಸಬೇಕಿತ್ತು. ಆ ಸರಣಿ ಮುಂದಿನ ವರ್ಷ ಮರಳಿ ಬರಲಿಲ್ಲ.

ಹಿಡಿತ ಕಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಇರಾನ್ ಕೊಟ್ಟಿತು. 2012ರಲ್ಲಿ, 2014ರಲ್ಲಿ ಸೋತ ಅದೇ ತಂಡ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತವನ್ನು 27–24ರಲ್ಲಿ ಸೋಲಿಸಿ ಚಿನ್ನ ಗೆದ್ದಿತು. ಅವರ ಕೋಚ್ ನಾಸಿಕದ ಶೈಲಜಾ ಜೈನ್. ನಮ್ಮವರ ವಿದ್ಯೆಯನ್ನೇ ಅವರು ಕ್ರಮವಾಗಿ ಕಲಿತರು. ಭಾರತ 2023ರಲ್ಲಿ ಹಾಂಗ್‌ಝೌನಲ್ಲಿ ಚೀನೀ ತೈಪೆ ವಿರುದ್ಧ ಚಿನ್ನ ಮರಳಿ ಪಡೆಯಿತು, ಅದೂ 26–25ರಲ್ಲಿ. ಎರಡನೇ ಮಹಿಳಾ ವಿಶ್ವಕಪ್ ನಡೆಯಲು ಹದಿಮೂರು ವರ್ಷ ಕಾಯಬೇಕಾಯಿತು. 2025ರ ನವೆಂಬರಿನಲ್ಲಿ ಢಾಕಾದಲ್ಲಿ ಅದನ್ನೂ ಭಾರತ ಗೆದ್ದಾಗ ತಂಡದಲ್ಲಿ ಸುರತ್ಕಲ್ ಕಡೆಯ ಧನಲಕ್ಷ್ಮಿ ಪೂಜಾರಿ ಇದ್ದರು. ಮತ್ತೆ ಘಾಟಿ ಕೆಳಗಿನವರು.

ಘಾಟಿ ಮೇಲಿನವರಿಗೆ ಆಟ ಬಾರದು ಎಂದಲ್ಲ. ಹೋಬಳಿ, ತಾಲ್ಲೂಕು, ಜಿಲ್ಲೆ ಎಂದು ಶಾಲೆಗಳ ಕ್ರೀಡಾಕೂಟದಲ್ಲಿ ನಮ್ಮ ಮೂರೂ ತಾಲ್ಲೂಕಿನ ಹುಡುಗಿಯರು ಮಳೆ ನಿಂತ ನೆಲದಲ್ಲಿ, ಕೆಮ್ಮಣ್ಣು ಮೈಗೆ ಮೆತ್ತಿಕೊಂಡು ಆಡುತ್ತಾರೆ. ಜಾರುವ ನೆಲದಲ್ಲಿ ಹರಡು ಹಿಡಿದು ಪಳಗಿದ ಕೈ ಮ್ಯಾಟ್ ಮೇಲೆ ಸುಲಭಕ್ಕೆ ಬಿಡುವುದಿಲ್ಲ. ಆದರೆ ಪಿಯುಸಿ ಮುಗಿದ ಮೇಲೆ ಆ ಕೈಗೆ ಆಟವೇ ಸಿಗುವುದಿಲ್ಲ. ಮಮತಾ ಅವರಿಗೆ ಸಿಕಂದರಾಬಾದ್‌ನ ದಕ್ಷಿಣ ಮಧ್ಯ ರೈಲ್ವೆ ಕೆಲಸ ಕೊಟ್ಟದ್ದರಿಂದ ಆಟ ಉಳಿಯಿತು. ದೇಶದ ಮಹಿಳಾ ಕಬಡ್ಡಿಯನ್ನು ಇಷ್ಟು ಕಾಲ ಹೊತ್ತು ನಿಂತದ್ದು ರೈಲ್ವೆಯೇ. ಆದರೆ ಕೆಲಸ ಕೊಡಬೇಕಾದರೆ ಯಾರಾದರೂ ಮೊದಲು ಆಟ ನೋಡಿರಬೇಕಲ್ಲ? ರೈಡರ್ ತಂದ ಪಾಯಿಂಟು ಸ್ಕೋರಿನಲ್ಲಿ ಕಾಣುತ್ತದೆ. ಕವರ್‌ನವಳು ಮುಚ್ಚಿದ ದಾರಿ ಕಾಣುವುದಿಲ್ಲ.

ಈ ಚಳಿಗಾಲದಲ್ಲಿ ಹೊನಲು ಬೆಳಕಿನ ಪಂದ್ಯಾವಳಿ ಮಾಡುವ ಯುವಕ ಸಂಘದವರು ಟ್ರೋಫಿ, ಪೆಂಡಾಲು, ಮೈಕು ಎಂದು ಹಣ ಹಾಕುವಾಗ ಇನ್ನೂರು ಪುಟದ ಒಂದು ನೋಟುಬುಕ್ಕನ್ನೂ ತಂದಿಡಬಹುದು. ಆಟ ಗೊತ್ತಿರುವ ಒಬ್ಬಳು ಹುಡುಗಿ ಅಂಕಣದ ಪಕ್ಕ ಕೂತು ಬರೆಯಲಿ: ಯಾವ ರೈಡು, ಮೊದಲು ಕೈ ಹಾಕಿದವಳು ಯಾರು, ಹಿಡಿದದ್ದು ಹರಡೋ ತೊಡೆಯೋ ಸೊಂಟವೋ, ಬೆಂಬಲಕ್ಕೆ ಬಂದವಳು ಯಾರು, ದಾರಿ ಮುಚ್ಚಿದವಳು ಯಾರು. ಹಿಡಿತ ತಪ್ಪಿದ್ದರೆ ತಪ್ಪಿತು ಎಂದು, ಯಾರ ಕೈಯಿಂದ ಎಂಬುದನ್ನೂ ಸೇರಿಸಿ.