ಅಂಕಗಳ ನ್ಯಾಯ

ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಬೇಡಿಕೆ ಮಿಗಿಲಾದೆಡೆ ಬೇಟೆಯ ಪರವಾನಗಿಗಳನ್ನು ಚೀಟಿ ಎತ್ತಿ ಹಂಚಲಾಗುತ್ತದೆ. ಹಲವು ರಾಜ್ಯಗಳಲ್ಲಿ ಚೀಟಿ ದೊರೆಯದವನಿಗೆ ವರ್ಷಕ್ಕೊಂದು ಅಂಕ ಸಲ್ಲುತ್ತದೆ. ತಾಳ್ಮೆಗೆ ಫಲವಿರಬೇಕೆಂಬುದು ಇದರ ಸಮರ್ಥನೆ.

ಆದರೆ ಅಂಕವು ಪರವಾನಗಿಗಳನ್ನು ಹೆಚ್ಚಿಸದು, ಸರದಿಯನ್ನಷ್ಟೇ ಬದಲಿಸುತ್ತದೆ. ಅಧಿಕ ಅಂಕದವರಿಗೇ ಮೊದಲೆಂಬ ಪದ್ಧತಿಯಲ್ಲಿ 10 ಪರವಾನಗಿಗೆ ಪ್ರತಿವರ್ಷ 100 ಹೊಸಬರು ಸೇರುವರೆಂದು ಭಾವಿಸೋಣ. ಯಾರೂ ಬಿಟ್ಟುಹೋಗದಿದ್ದರೆ ಐದನೆಯ ವರ್ಷ ಬಂದವರ ಸರದಿ ತೊಡಗುವುದು 41ನೆಯ ವರ್ಷದಲ್ಲಿ. ನೆವಾಡದಲ್ಲಿ ಅಂಕದ ವರ್ಗಕ್ಕೆ ಒಂದನ್ನು ಕೂಡಿಸಿ ಅಷ್ಟು ಅವಕಾಶ ನೀಡುತ್ತಾರೆ: 10 ಅಂಕದವನಿಗೆ 101, ಹೊಸಬನಿಗೆ 1. ಅಲ್ಲಿ ಬಾಗಿಲು ಮುಚ್ಚಿಲ್ಲ, ಕಿರಿದಾಗಿದೆ. ನ್ಯೂ ಮೆಕ್ಸಿಕೊ ಅಂಕಪದ್ಧತಿಯನ್ನೇ ಇಟ್ಟುಕೊಂಡಿಲ್ಲ. ಹಳಬ, ಹೊಸಬ ಎಂಬ ಭೇದ ಅಲ್ಲಿಲ್ಲ.

ಕೂಡಿಟ್ಟ ಅಂಕವೂ ಪರಿಗ್ರಹವೇ. ಅದನ್ನು ಬಿಡಲಾರದೆ ಮನುಷ್ಯನು ಮರುವರ್ಷವೂ ಶುಲ್ಕ ತೆರುತ್ತಾನೆ. ಸಂಯಮದಂತೆ ತೋರುವ ಈ ಕಾಯುವಿಕೆ ಆಸೆಯನ್ನೇ ಪೋಷಿಸುತ್ತದೆ.

ಪರವಾನಗಿಗಳ ಮಿತಿಯು ವನ್ಯಸಂತತಿಯನ್ನು ಕಾಯುತ್ತದೆ, ನಿಜ. ಆ ಗುಣ ಮಿತಿಯದು, ಅಂಕದ್ದಲ್ಲ. ಅಂಕವು ತೂಗುವುದು ಬೇಟೆಗಾರರ ನಡುವಣ ನ್ಯಾಯವನ್ನು ಮಾತ್ರ. ಪ್ರಾಣ ತೆರುವ ಜೀವಿಯ ಪಾಲು ಆ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ.